ಟವೆಲ್ಲಿನ ಕೆಳಗಿನ ಮಾತು

ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ತಳ್ಳಲೆಂದು ಚಾಚಿದ್ದ ಬಲಗೈಗೆ ಏನೂ ಸಿಗದೆ ಲಿಯಾಖತ್ ಒಂದು ಹೆಜ್ಜೆ ಮುಗ್ಗರಿಸಿದ. ಆಮೇಲೆ ಆ ಕೈಯನ್ನು ಜುಬ್ಬಾದ ಜೇಬಿಗೆ ಇಳಿಬಿಟ್ಟ. ಈಚೆಗೆ ಈ ಕೈ ಅವನ ಮಾತು ಕೇಳುತ್ತಿರಲಿಲ್ಲ. ಒಳಗೆ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅದರ ಮೇಲೆ ನಿಂತ ಕಾರುಗಳೆಲ್ಲ ತಲೆಕೆಳಗಾಗಿ ಇನ್ನೊಂದು ಸಲ ನಿಂತಿದ್ದವು. ಯೋಚಿಸದೆಯೇ ಅವನು, ಮಸೀದಿಯ ಮೆಟ್ಟಿಲಲ್ಲಿ ಬಿಡುವ ಹಾಗೆ, ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದ. ಟೈ ಕಟ್ಟಿಕೊಂಡ ಸೇಲ್ಸ್‌ಮನ್ ಓಡಿಬಂದು, ಹಾಕಿಕೊಂಡೇ ಬನ್ನಿ ಸಾಬ್ರೇ, ಏನಾಗಲ್ಲ ಎಂದ. ಎದೆಯ ಮೇಲಿನ ಪಟ್ಟಿಯಲ್ಲಿ ಅವನ ಹೆಸರು ಗೋಪಿ ಎಂದಿತ್ತು. ಲಿಯಾಖತ್ ವಾಪಸು ತಿರುಗಿದ, ಬಾಗಿಲು ತೆರೆಯಿತು. ಒಂದು ಚಪ್ಪಲಿ ಸಿಕ್ಕಿಸಿಕೊಂಡ, ಬಾಗಿಲು ಮುಚ್ಚಿತು. ಇನ್ನೊಂದನ್ನು ಕಾಲಿನಲ್ಲಿ ತಡಕುವಾಗ ಮತ್ತೆ ತೆರೆಯಿತು. ಅವನ ಹೆಂಡತಿ ಕೌಸರ್ ಮುಸುಕಿನೊಳಗೆ ನಗುತ್ತಿದ್ದಳು. ಮಗಳು ಮಿಸ್ಬಾ ನಗಲಿಲ್ಲ. ಅಪ್ಪ ಸಣ್ಣವನಾಗುವ ಹೊತ್ತಿನಲ್ಲಿ ಅವಳು ಬೇರೆ ಕಡೆ ನೋಡುತ್ತಾಳೆ. ಚಿಕ್ಕಂದಿನಿಂದಲೂ ಹಾಗೆ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ಬಂದು, ಹೈವೇ ಪಕ್ಕ ಧೂಳಿನಲ್ಲಿ ಇಳಿದು ಕಾರು ಕೊಳ್ಳಲು ಹೊರಟವರನ್ನು ಕಂಡರೆ ಬಾಗಿಲಿಗೂ ತಮಾಷೆ ಅನಿಸಿದ್ದರೆ ತಪ್ಪೇನಿಲ್ಲ.

ಎರಡೂ ಕಾರುಗಳು ಪಕ್ಕಪಕ್ಕದಲ್ಲೇ ನಿಂತಿದ್ದವು. ಒಂದು ಚಿಕ್ಕದು, ಚಿಕ್ಕದೆಂದರೂ ಸಂಸಾರವೊಂದು ಆರಾಮವಾಗಿ ಕೂರುವಂಥದು, ಬೂದು ಬಣ್ಣದ್ದು, ಮೂಗು ಮೊಂಡ. ಊರಿನ ಮೇಷ್ಟ್ರು, ಬ್ಯಾಂಕಿನವರು, ಸೊಸೈಟಿ ಸೆಕ್ರೆಟರಿ ಎಲ್ಲರೂ ಈಗ ಇಂಥದನ್ನೇ ಓಡಿಸುತ್ತಾರೆ. ಇನ್ನೊಂದು ದೊಡ್ಡದು, ಬಿಳಿಯದು. ಅದರ ಬಾನೆಟ್ಟು ಲಿಯಾಖತ್‌ನ ಎದೆಯವರೆಗೆ ಬರುತ್ತಿತ್ತು. ಅಂಥ ಕಾರು ರಸ್ತೆಯಲ್ಲಿ ಹಿಂದಿನಿಂದ ಬಂದರೆ ಜನ ಯಾರಿದ್ದಾರೆಂದು ನೋಡುವುದಿಲ್ಲ, ಮೊದಲು ದಾರಿ ಬಿಡುತ್ತಾರೆ. ಗೋಪಿ ಎರಡರ ಗುಣವನ್ನೂ ಒಂದೇ ಉಸಿರಿನಲ್ಲಿ ಹೇಳತೊಡಗಿದ. ಕೇಳುತ್ತ ನಿಂತ ಲಿಯಾಖತ್‌ನ ತಲೆಗೆ ಒಂದು ಮಾತೂ ಹೋಗಲಿಲ್ಲ. ಅವನ ಕಣ್ಣಿಗೆ ಕಾಣುತ್ತಿದ್ದುದು ಎರಡು ರಾಶಿ. ಜೀವಮಾನವಿಡೀ ಮಂಡಿಯಲ್ಲಿ ಮಾವಿನ ರಾಶಿಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತವನಿಗೆ ಪಕ್ಕಪಕ್ಕದಲ್ಲಿರುವ ಎರಡು ವಸ್ತು ಇನ್ನು ಹೇಗೆ ತಾನೇ ಕಂಡಾವು. ಬಲಗೈ ಜೇಬಿನೊಳಗೆ ಒದ್ದೆಯಾಯಿತು.

ಚಿಕ್ಕದೇ ಸಾಕು ಅಬ್ಬಾ ಎಂದು ಮಿಸ್ಬಾ ಬಸ್ಸಿನಲ್ಲೂ ಹೇಳಿದ್ದಳು. ಕಿಟಕಿಯಾಚೆ ಮಾವಿನ ತೋಪುಗಳು ಹೂ ತುಂಬಿಕೊಂಡು ಹಿಂದಕ್ಕೆ ಓಡುತ್ತಿದ್ದವು, ಈ ವರ್ಷ ಹೂ ಚೆನ್ನಾಗಿದೆ, ಮಂಜು ಬಿದ್ದರೆ ಎಲ್ಲ ಉದುರುತ್ತದೆ ಎಂದು ಅವನು ಯೋಚಿಸುತ್ತಿದ್ದ, ಅಥವಾ ಯೋಚಿಸುವವನಂತೆ ಮುಖ ಮಾಡಿಕೊಂಡಿದ್ದ. ಮೊದಲ ಸಲ ಅವಳು ಅದನ್ನು ಹೇಳಿದ್ದು ಮನೆಯ ತಾರಸಿಯ ಮೇಲೆ, ನಿಕಾಹ್ ಮಾತುಕತೆಗೆಂದು ಅವನು ಕೋಲಾರದ ಖುದ್ದೂಸ್ ಸಾಬ್ ಮನೆಗೆ ಹೊರಟ ದಿನ ಬೆಳಿಗ್ಗೆ. ಹುಡುಗ ರಹೀಲ್ ಖುದ್ದೂಸ್ ಸಾಬರ ಕಿರಿಯ ಮಗ, ಅಪ್ಪನ ಟೊಮೆಟೊ ಮಂಡಿಯನ್ನೇ ನೋಡಿಕೊಳ್ಳುವವನು. ಮಿಸ್ಬಾಗೆ ಅವನು ಹಿಡಿಸಿದ್ದ. ಇಪ್ಪತ್ತೆಂಟು ವರ್ಷದ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ, ಬಂದ ಸಂಬಂಧಗಳನ್ನೆಲ್ಲ ಏನಾದರೂ ತಪ್ಪು ಹುಡುಕಿ ವಾಪಸು ಕಳಿಸುತ್ತಿದ್ದ ಮಗಳಿಗೆ ಒಬ್ಬ ಹಿಡಿಸಿದ್ದೇ ಆ ಮನೆಯಲ್ಲಿ ಹಬ್ಬವಾಗಿತ್ತು. ಜಹೇಜ್ ಎಂದು, ವರದಕ್ಷಿಣೆಯಾಗಿ, ಕಾರು ಕೊಡಬೇಕೆನ್ನುವುದು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಒಗೆದ ಬಟ್ಟೆಯನ್ನು ತಂತಿಗೆ ಹಾಕುತ್ತ ಅವಳು, ಅಪ್ಪನ ಮುಖ ನೋಡದೆ, ಮೊದಲೇ ಲೆಕ್ಕ ಬಿಡಿಸಿಟ್ಟುಕೊಂಡವಳಂತೆ ಮಾತಾಡಿದಳು.

“ಏನೂ ಇಲ್ದೆ ಅಂದ್ರೆ ಅಮ್ಮಿ ಒಪ್ಪಲ್ಲ, ಅಳ್ತಾರೆ. ಚಿಕ್ಕದು ಕೊಡಿ. ಯಾವುದಾದ್ರೂ ಸರಿ ಅಂತ ರಹೀಲ್ ನನ್ಹತ್ರ ಅಂದಿದಾರೆ. ನಾನು ನಂಬಿದೀನಿ ಅಬ್ಬಾ. ಚಿಕ್ಕದಕ್ಕೆ ಅವರ ಮನೆಯವರು ಮುಖ ತಿರುಗಿಸಿದ್ರೆ ಅವತ್ತೇ ಗೊತ್ತಾಗುತ್ತೆ, ಅಲ್ಲಿಗೆ ಬಿಟ್ಟುಬಿಡೋಣ. ದೊಡ್ಡದು ಕೊಟ್ಟುಬಿಟ್ರೆ ಮಾತ್ರ, ಅವರು ಬಂದಿದ್ದು ನನಗೋ ಕಾರಿಗೋ ಅಂತ ಜನ್ಮವಿಡೀ ಗೊತ್ತಾಗಲ್ಲ.”

ನಿನ್ನ ಮಾತೇ ನನ್ನ ಮಾತು ಎಂದಿದ್ದ ಅವನು. ಹಾಗೆ ಅಂದದ್ದು ಸುಳ್ಳಲ್ಲ. ಆ ಬೆಳಿಗ್ಗೆ, ಆ ಬಿಸಿಲಿನಲ್ಲಿ, ಅವಳ ಒದ್ದೆ ಕೈಯಿಂದ ಟವೆಲ್ಲೊಂದನ್ನು ಇಸಿದುಕೊಂಡು ತಾನೇ ಕೊಡವಿ ತಂತಿಗೆ ಹಾಕುತ್ತ ಅದನ್ನು ಪೂರ್ತಿ ಮನಸ್ಸಿನಿಂದ ಹೇಳಿದ್ದ. ಸಂಜೆ ಹೊರಡುವಾಗ ಅದೇ ಟವೆಲ್ಲು ಒಣಗಿತ್ತು, ಹೆಗಲಿಗೆ ಹಾಕಿಕೊಂಡು ಹೋದ.

ಟವೆಲ್ಲಿಲ್ಲದೆ ಮಂಡಿಯವನು ಮನೆ ಬಿಡುವುದಿಲ್ಲ. ಈಗಿನವರು ಹರಾಜು ಕೂಗುತ್ತಾರೆ, ಮೊಬೈಲಿನಲ್ಲೇ ರೇಟು ಕಳಿಸುತ್ತಾರೆ. ಆದರೆ ಹಳಬರು ಹಳಬರ ನಡುವೆ ಇಂದಿಗೂ ವ್ಯಾಪಾರ ಮುಗಿಸುವುದು ಟವೆಲ್ಲಿನ ಕೆಳಗೆ. ಬಾಯಿ ಮೇಲೆ ಏನಾದರೂ ಆಡುತ್ತಿರಲಿ, ಇದು ಕಾಯೇನಪ್ಪ ಇದು, ದನವೂ ಮೂಸಲ್ಲ ಎಂದು ಸುತ್ತ ನಿಂತವರಿಗೆ ಕೇಳುವಂತೆ ಬೈಯುತ್ತಿರಲಿ, ಕೆಳಗೆ ಬೆರಳು ಬೆರಳನ್ನು ಹಿಡಿದು ಬೇರೆಯೇ ಮಾತು ಆಡುತ್ತಿರುತ್ತದೆ. ಎರಡು ರಾಶಿ ಇದ್ದರೆ ಒಂದು ಬೆರಳು ಹಿಡಿದರೆ ಚಿಕ್ಕದು, ಐದೂ ಹಿಡಿದರೆ ದೊಡ್ಡದು. ಅಂಗೈ ಮೇಲೆ ಅಂಗೈ ಒತ್ತಿದರೆ ಮುಗಿಯಿತು. ಬಾಯಿಮಾತನ್ನು ಮಂಡಿಯಲ್ಲಿ ಯಾರೂ ಮಾತೆಂದು ಲೆಕ್ಕ ಹಿಡಿಯುವುದಿಲ್ಲ, ಅದು ಗಾಳಿಗೆ. ಟವೆಲ್ಲಿನ ಕೆಳಗಿನದನ್ನು ಯಾರೂ ನೋಡಿರುವುದಿಲ್ಲ, ಸಾಕ್ಷಿ ಇರುವುದಿಲ್ಲ, ಅದಕ್ಕೇ ಅದನ್ನು ಮುರಿಯುವಂತಿಲ್ಲ. ಒಂದು ವರ್ಷ ಅವನ ಅಪ್ಪ ಮುದುವಾಡಿಯ ಶ್ರೀನಿವಾಸಪ್ಪನ ತೋಪಿಗೆ ಹೀಗೆ ಕೈ ಕೊಟ್ಟು ಬಂದ ರಾತ್ರಿಯೇ ಆಲಿಕಲ್ಲು ಬಿದ್ದು ಕಾಯೆಲ್ಲ ನೆಲ ಕಂಡಿತ್ತು. ಶ್ರೀನಿವಾಸಪ್ಪನೇ ಮನೆತನಕ ಬಂದು, ಬೇಡ ಸಾಯಿಬು, ಮರಿಚಿಪೋ, ಬಿಟ್ಟುಬಿಡು ಎಂದ. ಅಪ್ಪ ಬಿಡಲಿಲ್ಲ. ಉಣ್ಣುವುದನ್ನು ಕಡಿಮೆ ಮಾಡಿಕೊಂಡ, ಮಾತನ್ನು ಕಡಿಮೆ ಮಾಡಿಕೊಳ್ಳಲಿಲ್ಲ. ಆ ಅಪ್ಪನ ಮಗ ಎನ್ನುವ ಕಾರಣಕ್ಕೇ ಇವತ್ತಿಗೂ ರಾಯಲ್ಪಾಡಿನಿಂದ, ಮುಳಬಾಗಿಲಿನಿಂದ, ಆಂಧ್ರದ ಗಡಿಯಾಚೆಯಿಂದಲೂ ರೈತರು ಬಂದು ಲಿಯಾಖತ್‌ನ ಮುಂದೆ ಕೈ ಚಾಚುತ್ತಾರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುವುದು ಊರಿನವರಿಗೆ ಗಾದೆ. ಅವನಿಗೆ ಅದು ಅಂಗಡಿ.

ಮಿಸ್ಬಾಗೂ ಆ ಬೆರಳಿನ ಭಾಷೆ ಬರುತ್ತಿತ್ತು. ರಜೆಯಲ್ಲಿ ಅವಳನ್ನು ಮಂಡಿಗೆ ಕರೆದೊಯ್ದು ಗೋಣಿ ತಾಟಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅವನೇ ಕಲಿಸಿದ್ದ. ಟವೆಲ್ಲಿನ ಕೆಳಗೆ ಅವಳ ಕೈ ಅವನ ಕೈಗೆ ಬಂದರೆ ಮೊದಲು ತಿಳಿಯುತ್ತಿದ್ದುದು ಉಗುರು ಕಚ್ಚಿಕೊಂಡ ಒರಟು. ಅಪ್ಪ ಮಗಳು ತಾಸುಗಟ್ಟಲೆ ಒಂದು ಮಾತಾಡದೆ ಜಗಳವಾಡುತ್ತಿದ್ದರು, ಐಸ್ ಕ್ಯಾಂಡಿಗೆ, ಸೈಕಲ್ಲಿಗೆ, ನಾಳೆ ಸ್ಕೂಲು ತಪ್ಪಿಸುವುದಕ್ಕೆ. ಅವಳು ಸೋತರೂ ಅಂಗೈ ಒತ್ತಿದ ಮೇಲೆ ಹಟ ಮಾಡುತ್ತಿರಲಿಲ್ಲ. ಒಂದೇ ಸಲ ಅತ್ತಿದ್ದಳು. ವ್ಯಾಪಾರ ಮುಗಿದ ಬಾದಾಮಿ ರಾಶಿಯಿಂದ, ಕೆಂಪಗೆ ಕಂಡಿತೆಂದು, ಒಂದು ಹಣ್ಣು ಎತ್ತಿಕೊಂಡಿದ್ದಳು. ಮಾರಿದವನು ಮಾರಿದ ಮೇಲೆ ರಾಶಿಯನ್ನು ಮುಟ್ಟಬಾರದು, ಆರಿಸುವ ಹಾಗಿಲ್ಲ, ಸರಿಮಾಡುವ ಹಾಗೂ ಇಲ್ಲ, ಅದು ಇನ್ನೊಬ್ಬರದು. ಮುಗಿದ ರಾಶಿ ಮುಟ್ಟಬಾರದು ಬೇಟಾ ಎಂದು ಅವನು ಅವಳ ಕೈಯಿಂದ ಹಣ್ಣನ್ನು ವಾಪಸು ಇರಿಸಿದ್ದ. ಕೊಂಡ ವ್ಯಾಪಾರಿ ನಗುತ್ತ, ಮಗು ಕಣಯ್ಯ, ತಿನ್ಲಿ ಬಿಡು ಎಂದರೂ ಇರಿಸಿದ್ದ. ಆ ದಿನ ಮನೆಯಲ್ಲಿ ಬುಟ್ಟಿ ತುಂಬ ಹಣ್ಣಿದ್ದರೂ ಅವಳು ತಿಂದಿರಲಿಲ್ಲ.

“ಒಳಗೆ ಕೂತು ನೋಡಿ ಸಾಬ್ರೇ,” ಗೋಪಿ ಚಿಕ್ಕ ಕಾರಿನ ಬಾಗಿಲು ತೆರೆದು ನಿಂತಿದ್ದ. ಕೌಸರ್ ಆಗಲೇ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಮಂಡಿನೋವಿನ ಹೆಂಗಸು, ಆದರೂ ಸರಾಗವಾಗಿ ಹತ್ತಿದ್ದಳು, ಅದಕ್ಕೇ ಅವಳಿಗೆ ಅಷ್ಟು ಖುಷಿ. ಮಿಸ್ಬಾ ಮುಂದೆ ಕೂತು ಸ್ಟೀರಿಂಗ್ ಮೇಲೆ ಒಂದು ಬೆರಳು ಆಡಿಸಿ, ಅಬ್ಬಾ ಇಲ್ಲಿ, ಅಮ್ಮಿ ಅಲ್ಲಿ, ಭಾನುವಾರ ಭಾನುವಾರ ನಾವೇ ಬಂದು ಕರ್ಕೊಂಡು ಹೋಗ್ತೀವಿ, ಅಂತರಗಂಗೆಗೆ ಹೋಗೋಣ, ಡ್ರೈವಿಂಗ್ ನಾನೂ ಕಲಿತೀನಿ ಎಂದಳು. ಸೀಟುಗಳನ್ನು ಹಂಚುವಾಗ ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು. ನಾವು ಅನ್ನುವ ಮಾತಿನಲ್ಲಿ ರಹೀಲ್ ಕೂಡ ಇದ್ದಾನೆಂದು ಅವನಿಗೆ ತಿಳಿಯಿತು, ಅವಳು ಅಷ್ಟು ದೂರ ಹೋಗಿಬಿಟ್ಟಿದ್ದಾಳೆ ಎನ್ನುವುದೂ ತಿಳಿಯಿತು. ಅವನು ತಲೆ ಬಾಗಿಸಿ ಒಳಗೆ ಮೂಗು ಹಾಕಿದ. ಹೊಸ ವಾಸನೆ, ಕಾರ್ಬೈಡ್ ಪುಡಿ ಹಾಕಿ ಕಾಯಿಯನ್ನು ಹಣ್ಣು ಮಾಡಿದ ಕೋಣೆಯ ಬಾಗಿಲು ತೆರೆದಾಗ ಹೊಡೆಯುವಂಥದ್ದು. ಚೆನ್ನಾಗಿದೆ ಎಂದ. ಚೆನ್ನಾಗಿಯೇ ಇತ್ತು. ಇದರಲ್ಲಿ ಕೂತರೆ ಇವರೆಲ್ಲ ಸುಖವಾಗಿರುತ್ತಾರೆ ಎಂದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಅವನು ತಲೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಬಾಗಿಲ ಅಂಚಿಗೆ ಬಡಿದುಕೊಂಡ. ಗೋಪಿ ಅಯ್ಯೋ ಎಂದು ತಾನೇ ಉಜ್ಜಲು ಬಂದ.

ಖುದ್ದೂಸ್ ಸಾಬ್ ಮನೆಯಲ್ಲಿ ಆ ಸಂಜೆ ಊಟ ಚೆನ್ನಾಗಿತ್ತು. ದಸ್ತರ್‌ಖಾನಿನ ಸುತ್ತ, ನೆಲಕ್ಕೆ ಹಾಸಿದ ಊಟದ ಬಟ್ಟೆಗೆ ಸುತ್ತುವರಿದು, ಅವರ ಕಡೆಯವರು ಹತ್ತೆಂಟು ಜನ, ಇವನ ಕಡೆಯಿಂದ ಇವನೊಬ್ಬನೇ. ಅಣ್ಣತಮ್ಮಂದಿರಿಲ್ಲದವನು ಸಂಬಂಧ ಕುದುರಿಸಲು ಹೋದರೆ ಊಟಕ್ಕೆ ಮೊದಲೇ ಅರ್ಧ ಸೋತಿರುತ್ತಾನೆ. ಬಿರಿಯಾನಿ ಬಡಿಸುವಾಗ ಖುದ್ದೂಸ್ ಸಾಬರ ಭಾವಮೈದುನನೊಬ್ಬ, ಶ್ರೀನಿವಾಸಪುರದವರ ಬುಟ್ಟಿಯನ್ನು ನಂಬುವ ಹಾಗಿಲ್ಲಪ್ಪ, ಮೇಲೆ ಬಾದಾಮಿ, ಕೆಳಗೆಲ್ಲ ತೋತಾಪುರಿ ಎಂದ. ಎಲ್ಲರೂ ನಕ್ಕರು. ಲಿಯಾಖತ್ ಎಲ್ಲರಿಗಿಂತ ಜೋರಾಗಿ ನಕ್ಕ. ಊಟವಾಗಿ ಪಾನ್ ಬಂದಾಗ ಖುದ್ದೂಸ್ ಸಾಬ್ ಹೆಗಲ ಟವೆಲ್ಲನ್ನು ತೆಗೆದು ಇಬ್ಬರ ಮಂಡಿಗಳ ಮೇಲೂ ಬರುವಂತೆ ಹಾಸಿದರು, ಏನೋ ಚಳಿ ಎನ್ನುವ ಹಾಗೆ. ನಮಗೆ ಏನೂ ಬೇಡ ಭಾಯ್, ಅಲ್ಲಾ ಕೊಟ್ಟಿದ್ದಾನೆ, ಮಗಳಿಗೆ ಏನು ಕೊಟ್ಟರೂ ಅದು ನಿಮ್ಮ ಖುಷಿ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು, ಕೆಳಗೆ ಅವರ ಕೈ ಇವನ ತೋರುಬೆರಳನ್ನು ಹಿಡಿಯಿತು. ಒಂದು. ಚಿಕ್ಕದು. ಹಿಡಿದು, ಸ್ವಲ್ಪ ಹಿಸುಕಿ, ಕೊಳೆತದ್ದನ್ನು ಪಕ್ಕಕ್ಕೆ ಹಾಕುವಂತೆ ಬಿಟ್ಟುಬಿಟ್ಟಿತು. ಆಮೇಲೆ ಅಂಗೈ ತೆರೆದುಕೊಂಡು ಸುಮ್ಮನೆ ಕಾಯಿತು. ಆ ಕಾಯುವುದನ್ನು ಲಿಯಾಖತ್ ಬಲ್ಲ. ಎಷ್ಟು ಜನರನ್ನು ಅವನೇ ಹಾಗೆ ಕಾಯಿಸಿದ್ದಾನೆ. ಮೊದಲು ಕೈ ಎಳೆದುಕೊಂಡವನು ಬಡವ ಎಂದು ಲೆಕ್ಕ. ತಾರಸಿ, ತಂತಿ, ಮಗಳ ಒದ್ದೆ ಕೈ ಯಾವುದೂ ಆಗ ನೆನಪಾಗಲಿಲ್ಲ. ನೆನಪಾದದ್ದು ಬುಟ್ಟಿಯ ಮಾತು. ಅವನ ಐದೂ ಬೆರಳು ಹೋಗಿ ಆ ಅಂಗೈಯನ್ನು ತುಂಬಿದವು, ಖುದ್ದೂಸ್ ಸಾಬ್ ಮೇಲಿಂದ ಒತ್ತಿದರು. ಮುಗಿಯಿತು. ಒಳ್ಳೆಯ ಸರಕನ್ನು ಹಿಡಿದುಬಿಟ್ಟಾಗಿನ ಸಂತೋಷ ಒಂದು ಕ್ಷಣ ಮೈಯೆಲ್ಲ ಹರಿಯಿತು. ಅದನ್ನು ಅವನು ಯಾರಿಗೂ ಹೇಳಲಾರ. ಕೈ ಹೊರಗೆ ಬಂದು ಪಾನ್ ಬಾಯಿಗೆ ಹೋದ ಮೇಲೆ, ಕೊಂಡವನು ಯಾರು, ಮಾರಿದವನು ಯಾರು, ನಡುವೆ ಇದ್ದ ಸರಕು ಯಾವುದು ಎಂದು ಅವನಿಗೆ ಹೊಳೆಯಿತು.

ಅವತ್ತಿನಿಂದ ಇವತ್ತಿನವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರಾಯಲ್ಪಾಡಿನ ಕಡೆಯ ತನ್ನ ತೋಪನ್ನು ಕಾರಿನ ದುಡ್ಡಿಗಾಗಿ ಉಮಾಶಂಕರ್ ಎನ್ನುವವನಿಗೆ ಬರೆದುಕೊಡಲು ಮಾತಾಡಿ ಬಂದದ್ದೂ ಗೊತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಊರಿಗೆಲ್ಲ ಹೇಳುತ್ತಿದ್ದವನು ಹಾಸಿಗೆಯನ್ನೇ ಮಾರಿದ್ದ. ಹೇಳಿಬಿಡಬಹುದಿತ್ತು. ಎಷ್ಟು ಸಲ ಬಾಯಿತನಕ ಬಂತು, ಮಿಸ್ಬಾ ಪರೀಕ್ಷೆ ಪೇಪರು ತಿದ್ದುತ್ತ ಕೂತಾಗ, ಅವಳ ಕೆಂಪು ಪೆನ್ನು ಒಂದೊಂದು ತಪ್ಪಿನ ಮೇಲೆ ನಿಂತು ಮುಂದೆ ಹೋಗುವಾಗ. ಹೇಳಿದರೆ ಅವಳು ಏನನ್ನುತ್ತಾಳೆ, ಆ ಮಾತನ್ನು ವಾಪಸು ತಗೊಳ್ಳಿ ಎನ್ನುತ್ತಾಳೆ. ವಾಪಸು ತೆಗೆದುಕೊಂಡವನು ಮಂಡಿಯಲ್ಲಿ ಒಬ್ಬನಿದ್ದ, ಬಿಲಾಲ್ ಅಂತ. ಅವನ ಮುಂದೆ ಆಮೇಲೆ ಯಾರೂ ಕೈ ಚಾಚಲಿಲ್ಲ, ಜಗಳವಾಡಲಿಲ್ಲ, ಬೈಯಲಿಲ್ಲ, ಚಾಚಲಿಲ್ಲ ಅಷ್ಟೆ. ಈಗ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಕವರು ಮಾರುತ್ತಾನೆ. ಬಸ್ಸಿಗೆ ಕಾಯುವಾಗ ಲಿಯಾಖತ್ ಇವತ್ತು ಬೆಳಿಗ್ಗೆಯೂ ಅವನನ್ನು ಕಂಡು ಆಚೆ ತಿರುಗಿಕೊಂಡಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಹೆಗಲ ಟವೆಲ್ಲನ್ನು ಸರಿಮಾಡಿಕೊಂಡಿದ್ದ. ಆದರೆ ಮಂಡಿಯ ಹೆದರಿಕೆ ಒಂದೇ ಅಲ್ಲ ಎಂದೂ ಅವನಿಗೆ ಗೊತ್ತು. ಮಾತು ಮುರಿದರೆ ಸಂಬಂಧ ಮುರಿಯುತ್ತದೆ. ಮುರಿದರೆ ರಹೀಲ್ ಎಂಥವನೆಂದು ಮಗಳಿಗೆ ಗೊತ್ತಾಗುತ್ತದೆ. ಅವಳಿಗೆ ಅದು ಗೊತ್ತಾಗುವುದನ್ನು ನೋಡುವ ಧೈರ್ಯ ಅವನಿಗಿಲ್ಲ. ಗೊತ್ತಾಗದೆ ಬದುಕುವುದೇ ವಾಸಿ ಎಂದು ಅವಳ ಪರವಾಗಿ ಅವನೇ ತೀರ್ಮಾನ ಮಾಡಿಕೊಂಡಿದ್ದ. ಯಾವುದು ಬೇಡವೆಂದು ಅವಳು ಕೇಳಿಕೊಂಡಿದ್ದಳೋ ಅದನ್ನೇ.

ಹಾಗಾದರೆ ಇವತ್ತು ಯಾಕೆ ಬಂದದ್ದು. ಆರಿಸುವವರಂತೆ ಎರಡನ್ನೂ ನೋಡಿ, ಕೊನೆಗೆ ಏನೋ ಒಂದು ನೆವ ಹೇಳಿ, ಚಿಕ್ಕದು ಸಿಗುವುದು ತಡವಂತೆ ಎಂದೋ, ದೊಡ್ಡದಕ್ಕೆ ಬಾಳಿಕೆ ಜಾಸ್ತಿಯಂತೆ ಎಂದೋ, ದೊಡ್ಡದರ ಕಡೆ ಜಾರಿಕೊಳ್ಳಬಹುದು ಎಂದುಕೊಂಡಿದ್ದ. ಗೋಪಿಯಾದರೂ ದೊಡ್ಡದನ್ನು ಒತ್ತಾಯ ಮಾಡಿ ಮಾರಲಿ ಎಂದು ಆಸೆಯಿತ್ತು. ಸೇಲ್ಸ್‌ಮನ್ನುಗಳ ಕೆಲಸವೇ ಅದಲ್ಲವೆ. ಆದರೆ ಈ ಗೋಪಿ ಅವನ ಹಳೇ ಜುಬ್ಬಾವನ್ನೂ ಚಪ್ಪಲಿಯನ್ನೂ ನೋಡಿ, ನಿಮಗೆ ಚಿಕ್ಕದೇ ಸರಿ ಸಾಬ್ರೇ, ಮೈಲೇಜು ಬರುತ್ತೆ, ಆ ದೊಡ್ಡದು ಸುಮ್ಮನೆ ನೋಡೋದಕ್ಕೆ ಎಂದುಬಿಟ್ಟ. ಕರುಣೆಯಿಂದಲೇ ಹೇಳಿದ. ಕೌಸರ್ ತಲೆಯಾಡಿಸಿದಳು. ಲಿಯಾಖತ್‌ಗೆ ಕೆನ್ನೆ ಬಿಸಿಯಾಯಿತು, ಯಾಕೆ ನನ್ನ ಕೈಲಿ ಆಗಲ್ಲ ಅಂದುಕೊಂಡ್ಯಾ ಎಂದು ಕೇಳಬೇಕೆನಿಸಿತು. ಅದೇ ಬಿಸಿ, ಬುಟ್ಟಿಯ ಮಾತಿಗೆ ಏರಿದ್ದು.

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು, ಖುದ್ದೂಸ್ ಸಾಬ್ ಬಂದರು. ಬಿಳಿ ಪೈಜಾಮ, ಅತ್ತರು, ಹೆಗಲ ಮೇಲೆ ಟವೆಲ್ಲು. ಅವರಿಗೆ ಮಾತ್ರ ಬಾಗಿಲು ಸರಿಯಾದ ಹೊತ್ತಿಗೆ ತೆರೆದುಕೊಂಡಿತು. ಮಂಡಿಯಿಂದ ಮನೆ ಕಡೆ ಹೋಗುತ್ತಿದ್ದೆ, ನೀವು ಬರುವುದು ಇವತ್ತೇ ಎಂದು ರಹೀಲ್ ಅಂದ, ಸಲಾಮು ಹೇಳಿ ಹೋಗೋಣ ಎಂದು ಬಂದೆ ಎಂದರು. ಮಿಸ್ಬಾ ಕಾರಿನಿಂದ ಇಳಿದು ಸಲಾಮು ಮಾಡಿದಳು, ಅವರು ತಲೆಯ ಮೇಲೆ ಕೈಯಿಟ್ಟರು. ಗೋಪಿ ಕುರ್ಚಿ ತಂದ, ಅವರು ಕೂರಲಿಲ್ಲ. ಎರಡೂ ಕಾರುಗಳನ್ನು ಒಂದು ಸುತ್ತು ಹಾಕಿ ಬಂದು ಚಿಕ್ಕದರ ಬಾನೆಟ್ಟನ್ನು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟಿದರು.

“ಇದೇ ಚೆನ್ನಾಗಿದೆಯಲ್ಲ ಭಾಯ್. ಇಬ್ಬರು ಮಕ್ಕಳು ಓಡಾಡೋದಕ್ಕೆ ಇಷ್ಟು ಸಾಕು. ದೊಡ್ಡದು ಯಾಕೆ ಸುಮ್ನೆ.”

ಮಿಸ್ಬಾ ಅಪ್ಪನನ್ನು ನೋಡಿದಳು. ಆ ಮುಖವನ್ನು ಲಿಯಾಖತ್ ಸಾಯುವತನಕ ಮರೆಯುವಂತಿಲ್ಲ. ಇಷ್ಟು ದಿನ ಒಳಗೆ ಕಟ್ಟಿಕೊಂಡು ಓಡಾಡಿದ ಗಂಟೊಂದು ಬಿಚ್ಚಿಹೋದವಳಂತೆ ಅವಳು ನಿರಾಳವಾಗಿ, ನಾಚಿಕೆಯಿಲ್ಲದೆ ನಕ್ಕಳು. ಮಾವನಾಗುವವರು ಎದುರಿಗಿದ್ದಾರೆ ಎನ್ನುವುದನ್ನೂ ಮರೆತು, ಹಾಗಾದ್ರೆ ಚಿಕ್ಕದೇ ಅಬ್ಬಾ, ಇವತ್ತೇ ಬುಕ್ ಮಾಡಿಬಿಡೋಣ ಎಂದಳು. ಕೌಸರ್ ಅಲ್‌ಹಮ್ದುಲಿಲ್ಲಾ ಎಂದಳು. ಗೋಪಿ ಪೆನ್ನು ತೆಗೆದ. ಹೂಂ ಅಂದುಬಿಡು, ಎಂದು ಲಿಯಾಖತ್‌ನ ಒಳಗೊಬ್ಬ ಹೇಳಿದ, ಅವರೇ ಬಾಯಿಬಿಟ್ಟು ಹೇಳಿದ್ದಾರೆ, ಇಷ್ಟು ಜನ ಕೇಳಿದ್ದಾರೆ, ಹೂಂ ಅನ್ನು. ಖುದ್ದೂಸ್ ಸಾಬ್ ಅವನ ಮುಖ ನೋಡುತ್ತಿರಲಿಲ್ಲ. ಜೇಬಿನಲ್ಲಿದ್ದ ಅವನ ಬಲಗೈಯನ್ನು ನೋಡುತ್ತಿದ್ದರು, ಬಾಯಿಯಲ್ಲಿ ಸಣ್ಣ ನಗೆ ಇಟ್ಟುಕೊಂಡು, ಸಾವಧಾನವಾಗಿ, ಬಾಕಿ ಇರುವವನ ಅಂಗಡಿ ಮುಂದೆ ಸುಮ್ಮನೆ ನಿಲ್ಲುವವರಂತೆ. ಬಾಯಿಮಾತು ಗಾಳಿಗೆ ಎನ್ನುವುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಬ್ಬರಿಗಲ್ಲ ಎಂದು ಆಮೇಲೆ ಅವನಿಗೆ ನೆನಪಾಯಿತು. ಮಿಸ್ಬಾಳ ನಗು ಹಾಗೇ ಇತ್ತು, ಕಣ್ಣು ಮಾತ್ರ ಖುದ್ದೂಸ್ ಸಾಬರ ನೋಟ ಹಿಡಿದು ಅಪ್ಪನ ಜೇಬಿನತನಕ ಬಂದು ನಿಂತಿತ್ತು.

“ದೊಡ್ಡದನ್ನೂ ಒಂದು ಸುತ್ತು ಓಡಿಸಿ ನೋಡೋಣ,” ಎಂದ ಲಿಯಾಖತ್. ಅವನ ದನಿ ಅವನಿಗೇ ಯಾರದೋ ಅನಿಸಿತು. ಹೌದೌದು, ನೋಡೋದಕ್ಕೇನು ಎಂದರು ಖುದ್ದೂಸ್ ಸಾಬ್.

ಓಡಿಸಿ ನೋಡಲೆಂದು ಹೊರಗೆ ನಿಲ್ಲಿಸಿದ್ದ ಅಂಥದೇ ದೊಡ್ಡ ಕಾರಿಗೆ ಹತ್ತಲು ಕೌಸರ್‌ಗೆ ಆಗಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಮಂಡಿ ಹಿಡಿದುಕೊಂಡು, ಯಾ ಅಲ್ಲಾ ಎಂದು ನಿಂತಳು. ಗೋಪಿ ಆಚೆಯಿಂದ ಎಳೆದ, ಮಿಸ್ಬಾ ಈಚೆಯಿಂದ ಆತುಕೊಂಡಳು. ಖುದ್ದೂಸ್ ಸಾಬ್ ಗೋಪಿಯ ಪಕ್ಕ ಮುಂದೆ ಕೂತರು, ಹಿಂದೆ ಕೌಸರ್ ಒಂದು ಕಿಟಕಿಗೆ, ಲಿಯಾಖತ್ ಇನ್ನೊಂದು ಕಿಟಕಿಗೆ, ನಡುವೆ ಮಿಸ್ಬಾ. ಕಾರು ಮುಳಬಾಗಿಲು ಕಡೆಗೆ ತಿರುಗಿತು. ಸದ್ದೇ ಇಲ್ಲ. ಅಷ್ಟು ಎತ್ತರದಿಂದ ನೋಡಿದರೆ ರಸ್ತೆಯ ಮೇಲಿನ ಎಲ್ಲವೂ ಯಾರೋ ಬಿಟ್ಟುಹೋದದ್ದರ ಹಾಗೆ ಕಾಣುತ್ತಿತ್ತು, ಟೊಮೆಟೊ ಕ್ರೇಟು ಹೇರಿದ ಟೆಂಪೊಗಳು, ಕೊಳೆತ ಟೊಮೆಟೊ ಸುರಿದ ರಸ್ತೆಯಂಚು, ಬೆಳಿಗ್ಗೆ ಅವರು ಬಂದಂಥದೇ ಒಂದು ಬಸ್ಸು. ಬಸ್ಸಿನ ಕಿಟಕಿಯಲ್ಲಿ ಒಬ್ಬ ಮುದುಕ ಬಾಯಿ ತೆರೆದು ಇವರನ್ನೇ ನೋಡಿದ. ಖುದ್ದೂಸ್ ಸಾಬ್ ಮುಂದಿನಿಂದ ತಿರುಗಿ, ಮಂಜು ಬೀಳದಿದ್ದರೆ ಈ ಸಲ ನಿಮಗೆ ಒಳ್ಳೇ ಬೆಳೆ ಎಂದರು. ಇನ್ಶಾ ಅಲ್ಲಾ ಎಂದ ಲಿಯಾಖತ್. ತೋಪು ಉಮಾಶಂಕರನದು, ಬೆಳೆಯೂ ಅವನದೇ ಎಂದು ಮನಸ್ಸಿನಲ್ಲಿ ಅಂದುಕೊಂಡ. ಕೌಸರ್ ತಣ್ಣನೆ ಗಾಳಿ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದಳು.

ಆಗ ಮಿಸ್ಬಾ ದುಪಟ್ಟಾದ ಸೆರಗನ್ನು ಬಿಡಿಸಿ ಇಬ್ಬರ ನಡುವೆ ಹಾಸಿದಳು. ಏಸಿ ಚಳಿಗೆ ಮಾಡಿದಳೆಂದೇ ಯಾರೂ ತಿಳಿಯುತ್ತಿದ್ದರು. ಅವಳ ಕೈ ಅದರ ಕೆಳಗೆ ಬಂದು ಅವನ ಕೈಯನ್ನು ಜೇಬಿನಿಂದ ಮೆಲ್ಲಗೆ ಹೊರಗೆ ತೆಗೆಯಿತು. ಎಷ್ಟೋ ವರ್ಷದ ಮೇಲೆ. ಉಗುರು ಈಗ ಕಚ್ಚಿದ್ದಿರಲಿಲ್ಲ, ನುಣ್ಣಗೆ ಕತ್ತರಿಸಿತ್ತು, ಬೆರಳ ತುದಿಯಲ್ಲಿ ಸೀಮೆಸುಣ್ಣದ ಒರಟಿತ್ತು. ಅವಳು ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಅವನ ತೋರುಬೆರಳನ್ನು ಹಿಡಿದಳು. ಒಂದು. ಹಿಡಿದು ಕಾದಳು. ಎಳೆದುಕೊಳ್ಳಬಹುದಿತ್ತು, ಏನು ಬೇಟಾ ಎಂದು ಬಾಯಿಯಿಂದ ಕೇಳಿ ನಕ್ಕುಬಿಡಬಹುದಿತ್ತು, ಒಂದು ಬೆರಳಿಗೆ ಅಂಗೈ ಒತ್ತಿ ಸುಳ್ಳನ್ನಾದರೂ ಹೇಳಬಹುದಿತ್ತು. ಟವೆಲ್ಲಿನ ಕೆಳಗೆ ಸುಳ್ಳಾಡಿದ ಕೈಯಲ್ಲ ಅದು. ಅದನ್ನು ಅವಳಿಗೆ ಕಲಿಸಿದ್ದೂ ಅವನೇ. ಅವನ ಬೆರಳು ಅವಳ ಹಿಡಿತದಲ್ಲಿ ಸತ್ತಂತೆ ಬಿದ್ದುಕೊಂಡಿತ್ತು. ಅವಳು ಅದನ್ನು ಬಿಟ್ಟು, ಅಂಗೈ ತೆರೆದು, ಮತ್ತೆ ಕಾದಳು. ಸೇತುವೆಯೊಂದು ಹಿಂದೆ ಸರಿಯಿತು. ಖುದ್ದೂಸ್ ಸಾಬ್ ಗೋಪಿಗೆ ಏನೋ ಕೇಳುತ್ತಿದ್ದರು, ಡೀಸೆಲ್ಲೋ ಪೆಟ್ರೋಲೋ ಎಂಥದೋ. ಲಿಯಾಖತ್‌ಗೆ ಅಳು ಬಂತು, ಈ ವಯಸ್ಸಿನಲ್ಲಿ, ಬೇರೆಯವರ ಕಾರಿನಲ್ಲಿ. ಅವನ ಐದೂ ಬೆರಳು ಒಂದೊಂದಾಗಿ ಹೋಗಿ ಮಗಳ ಅಂಗೈಯಲ್ಲಿ ಕೂತವು.

ಅವಳು ಕೂಡಲೇ ಒತ್ತಲಿಲ್ಲ. ಆ ಬೆರಳುಗಳನ್ನು ಗುರುತು ಹಿಡಿಯುವವಳಂತೆ ಸ್ವಲ್ಪ ಹೊತ್ತು ಹಿಡಿದಿದ್ದಳು. ಆಮೇಲೆ ಇನ್ನೊಂದು ಕೈಯನ್ನು ಮೇಲೆ ತಂದು ಮೆಲ್ಲಗೆ ಒತ್ತಿದಳು. ಮುಗಿಯಿತು. ದುಪಟ್ಟಾವನ್ನು ಮಡಚಿ ಹೆಗಲಿಗೆ ಹಾಕಿಕೊಂಡಳು.

“ಗಾಡಿ ಚೆನ್ನಾಗಿದೆ,” ಎಂದಳು ಗೋಪಿಗೆ, ಪಾಠ ಹೇಳುವ ದನಿಯಲ್ಲಿ. “ಇದನ್ನೇ ಬರ್ಕೊಳ್ಳಿ. ಬಿಳಿದೇ ಇರ್ಲಿ.”

ಗೋಪಿ ಕನ್ನಡಿಯಲ್ಲಿ ಲಿಯಾಖತ್‌ನನ್ನು ನೋಡಿದ. ಖುದ್ದೂಸ್ ಸಾಬ್ ಅಷ್ಟೊಂದು ಯಾಕೆ ಬೇಟಿ, ಅಬ್ಬಾಗೆ ಕಷ್ಟ ಎಂದರು. ಕಷ್ಟವೇನಿಲ್ಲ ಎಂದಳು. ಕೌಸರ್ ಅವಕ್ಕಾಗಿ ಮಗಳ ಕಡೆ ತಿರುಗಿ, ಏನಾಯ್ತೇ ನಿನಗೆ, ಈಗ ತಾನೇ ಚಿಕ್ಕದು ಅಂದೆಯಲ್ಲ ಎಂದಾಗ, ಕೂತ ಮೇಲೆ ಗೊತ್ತಾಯ್ತು ಅಮ್ಮಿ ಎಂದಳು. ವಾಪಸು ಬರುವಾಗ ಮಿಸ್ಬಾಳ ಫೋನು ಒಂದು ಸಲ ಮಿನುಗಿತು, ಪರದೆಯ ಮೇಲೆ ರಹೀಲ್ ಹೆಸರು, ಅವಳು ಅದನ್ನು ನೋಡಿದಳು, ಮಗುಚಿ ಮಡಿಲಲ್ಲಿಟ್ಟುಕೊಂಡಳು. ಅವನು ಏನು ಕೇಳಿದ್ದಾನೆಂದು ಲಿಯಾಖತ್‌ಗೆ ಗೊತ್ತಿಲ್ಲ. ಬರೀ ಊಟ ಆಯ್ತಾ ಎಂದು ಕೇಳಿರಬಹುದು. ಒಳ್ಳೆಯವನೇ ಇರಬಹುದು. ಇನ್ನು ಅದು ಯಾರಿಗೂ ಗೊತ್ತಾಗುವ ಹಾಗಿಲ್ಲ.

ಕಾರು ಶೋರೂಮಿನ ಮುಂದೆ ನಿಂತಿತು. ಖುದ್ದೂಸ್ ಸಾಬ್ ಇಳಿದು ನಮಾಜಿಗೆ ಹೊತ್ತಾಯಿತೆಂದು ಸಲಾಮು ಹೇಳಿ ಹೊರಟರು, ಹೊರಡುವಾಗ ಲಿಯಾಖತ್‌ನ ಕೈ ಕುಲುಕಿದರು, ಎಲ್ಲರಿಗೂ ಕಾಣುವಂತೆ, ಟವೆಲ್ಲಿಲ್ಲದೆ. ಲಿಯಾಖತ್ ಮಗಳ ಕಡೆಯ ಬಾಗಿಲಿಗೆ ಬಂದ. ನೆಲ ಬಹಳ ಕೆಳಗಿತ್ತು. ಸ್ಕೂಲ್ ಆಟೋದಿಂದ, ಎತ್ತಿನ ಗಾಡಿಯಿಂದ, ಮಂಡಿಯ ಜಗಲಿಯಿಂದ ಅವಳನ್ನು ಇಳಿಸಿಕೊಂಡ ಅಭ್ಯಾಸದಲ್ಲಿ ಬಲಗೈಯನ್ನು ಮೇಲಕ್ಕೆ ಚಾಚಿದ. ಮಿಸ್ಬಾ ಆ ಕೈಯನ್ನು ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಮುಗಿದ ರಾಶಿ ಮುಟ್ಟಬಾರ್ದು ಅಬ್ಬಾ,” ಎಂದಳು, ಅವನಿಗೆ ಮಾತ್ರ ಕೇಳುವಷ್ಟು.

ಬಾಗಿಲು ಹಿಡಿದುಕೊಂಡು ತಾನೇ ಇಳಿದಳು. ಗಾಜಿನ ಬಾಗಿಲು ತೆರೆದುಕೊಂಡಿತು, ಅವಳು ಒಳಗೆ ಹೋಗಿ ಗೋಪಿಯ ಮೇಜಿನ ಮುಂದೆ ಬೆನ್ನು ನೇರ ಮಾಡಿ ಕೂತಳು. ಲಿಯಾಖತ್‌ನ ಕೈ ಚಾಚಿದಲ್ಲೇ ಇತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಬಿಸಿಲಿನಲ್ಲಿ ನಿಂತಿದ್ದ. ಏನ್ರೀ ಹಿಂಗೆ ನಿಂತ್ಬಿಟ್ರಿ, ನನ್ನ ಇಳಿಸಿ ಎಂದು ಒಳಗಿನಿಂದ ಕೌಸರ್ ಕರೆದಳು. ಅವಳೇ ಸೀಟಿನ ಮೇಲೆ ಸರಿದು ಬಂದು, ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ನೋಯುವ ಕಾಲನ್ನು ಮೊದಲು ಕೆಳಗಿಟ್ಟು ಇಳಿದಳು. ಗಾಡಿಯೇನೋ ಚೆನ್ನಾಗಿದೆ, ಸ್ವಲ್ಪ ಎತ್ತರ ಅಷ್ಟೆ ಎಂದಳು.